ಗೋಡೆಯಾಚೆ ಕೇಳಿದ ದನಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ, ಕೆ.ಜಿ.ಎಫ್‌ನಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಆಂಗ್ಲೋ ಇಂಡಿಯನ್ ಆಂಟಿಯೊಬ್ಬರು ಒಂಟಿಯಾಗಿದ್ದರು. ಅವರ ಪತಿ ಗಣಿಯಲ್ಲಿ ದುಡಿದು ತೀರಿಹೋಗಿದ್ದರು. ಮಕ್ಕಳು ಆಸ್ಟ್ರೇಲಿಯಾ ಸೇರಿದ್ದರು. ದೀಪ ಹಚ್ಚುವ ಹೊತ್ತಿಗೆ ಇತ್ತ ನಮ್ಮಮ್ಮ ದೇವರ ಮುಂದೆ ಕುಳಿತರೆ, ಅತ್ತ ಆಂಟಿ ರೆಕಾರ್ಡ್ ಹಾಕುತ್ತಿದ್ದರು. ಹಾಡುತ್ತಿದ್ದವರು ಜಿಮ್ ರೀವ್ಸ್. ಆಗ ನನಗೆ ಆ ಹೆಸರೂ ಗೊತ್ತಿರಲಿಲ್ಲ, ಹಾಡಿನ ಇಂಗ್ಲಿಷೂ ತಿಳಿಯುತ್ತಿರಲಿಲ್ಲ. ಯಾರೋ ಹಿರಿಯರು, ಮನೆಯಲ್ಲಿ ಮಗು ಮಲಗಿದೆಯೆಂದು ದನಿ ತಗ್ಗಿಸಿ ಮಾತನಾಡುತ್ತಿದ್ದಾರೆ ಎಂದಷ್ಟೇ ಅನ್ನಿಸುತ್ತಿತ್ತು. ಆ ತಣ್ಣನೆಯ ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಕೆನ್ನೆಗೆಲ್ಲ ಸುಣ್ಣ ಮೆತ್ತಿಕೊಳ್ಳುತ್ತಿತ್ತು. ಅಮ್ಮ ಸೆರಗಿನಿಂದ ಒರೆಸುತ್ತಾ, "ಮತ್ತೆ ಗೋಡೆಗೆ ಒರಗಿದ್ದೆಯಾ?" ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಆ ದನಿಯ ಕಥೆ ತಿಳಿಯಿತು. ಜಿಮ್ ರೀವ್ಸ್ 1923ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದವರು. ಗಾಯಕರಾಗಿ ಹೆಸರು ಮಾಡುವ ಮೊದಲು ಬಾನುಲಿಯಲ್ಲಿ ಉದ್ಘೋಷಕರಾಗಿದ್ದರು. ಆ ಕಾಲದ ಕಂಟ್ರಿ ಗಾಯಕರು, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದವರು, ಗಂಟಲು ಬಿಟ್ಟು ಹಾಡುತ್ತಿದ್ದರೆ, ಇವರು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ, ದನಿಯನ್ನು ಇಳಿಸಿ, ಎದುರಿಗೆ ಒಬ್ಬರೇ ಕುಳಿತಿದ್ದಾರೆ ಎಂಬಂತೆ ಹಾಡಿದರು. 1964ರ ಜುಲೈ 31ರಂದು ತಮ್ಮ ಪುಟ್ಟ ವಿಮಾನವನ್ನು ತಾವೇ ನಡೆಸುತ್ತಿದ್ದಾಗ, ಮಳೆಯಲ್ಲಿ ಸಿಲುಕಿ ನ್ಯಾಶ್‌ವಿಲ್ ನಗರದ ಬಳಿ ಬಿದ್ದು ತೀರಿಕೊಂಡರು. ನಾನು ಹುಟ್ಟುವ ಹೊತ್ತಿಗಾಗಲೇ ಅವರಿರಲಿಲ್ಲ. ಅವರನ್ನು ಎದುರು ಕುಳಿತು ಕೇಳುವ ಭಾಗ್ಯ ನನಗಿರಲಿಲ್ಲ. ಆದರೆ ಅವರು ನಿಂತು ಹಾಡಿದ ಜಾಗವನ್ನಾದರೂ ನೋಡಬೇಕೆಂಬ ಆಸೆ ಒಳಗೇ ಬೆಳೆಯುತ್ತಿತ್ತು.

ನಾನು ಮೊದಲು ಕಣ್ಣಾರೆ ಕಂಡ ದೊಡ್ಡ ಕಾರ್ಯಕ್ರಮ ಮಾತ್ರ ಇದರ ತೀರ ಎದುರು ದಿಕ್ಕಿನದು. 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಸಲ ನುಡಿಸಲು ಬಂದಿತ್ತು. ನಾನೂ ನನ್ನ ತಮ್ಮನೂ ಮಧ್ಯಾಹ್ನವೇ ಹೋಗಿ ಸಾಲಿನಲ್ಲಿ ನಿಂತೆವು. ಅಕ್ಕಪಕ್ಕದಲ್ಲಿ ದೂರದ ಊರುಗಳಿಂದ ರಾತ್ರಿಯಿಡೀ ರೈಲಿನಲ್ಲಿ ಬಂದ ಹುಡುಗರು. ಎಲ್ಲರ ಮೈಮೇಲೂ ಕಪ್ಪು ಅಂಗಿ, ಕಾಲಿಗೆ ಕೆಂಪು ಧೂಳು. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಒಬ್ಬ ಹುಡುಗ, ಕೊರಳಲ್ಲಿ ಇಷ್ಟುದ್ದದ ಸರಪಳಿ, ತನ್ನ ಗೆಳೆಯರನ್ನು ಸರಿಸಿ, "ಅಕ್ಕಾ, ಇಲ್ಲಿ ನಿಂತುಕೊಳ್ಳಿ, ಇಲ್ಲಿ ನೂಕು ಕಡಿಮೆ" ಎಂದು ಜಾಗ ಮಾಡಿಕೊಟ್ಟ. ಹೆವಿ ಮೆಟಲ್ ಕೇಳುವ ಹುಡುಗರೆಂದರೆ ಪುಂಡರು ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಆ ಹುಡುಗನ ನೆನಪಾಗುತ್ತದೆ.

ಆ ತಂಡದಲ್ಲಿ ಮೂವರು ಗಿಟಾರ್ ವಾದಕರು. ಅವರು ನುಡಿಸುವ ಸ್ವರದ ಎಳೆಯನ್ನು ಜನ ಬಾಯಲ್ಲಿ ಹಾಡುತ್ತಾರೆ. ಸಾಹಿತ್ಯವಲ್ಲ, ಗಿಟಾರಿನ ಸ್ವರವನ್ನೇ. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ ಒಂದೇ ಉಸಿರಿನಲ್ಲಿ ಹೀಗೆ ಹಾಡಿದಾಗ, ನನ್ನ ಗಂಟಲಿನಿಂದ ಹೊರಟ ದನಿ ನನಗೇ ಕೇಳಿಸಲಿಲ್ಲ. ಆದರೂ ಹಾಡುತ್ತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು, ಯಾಕೆಂದು ತಮ್ಮ ಕೇಳಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

ಅಂದು ಇನ್ನೊಂದನ್ನು ಗಮನಿಸಿದೆ. ಹಿಂದಕ್ಕೆ ಸರಿದು ನಿಂತಾಗ, ಡ್ರಮ್‌ ಮೇಲೆ ಕೋಲು ಬೀಳುವುದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್ ಆಚೆ ನಿಂತವರಿಗೆ ಪೆಟ್ಟು ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಆದ್ದರಿಂದಲೇ ದೊಡ್ಡ ಮೈದಾನಗಳ ನಡುವೆ ಕಂಬ ನಿಲ್ಲಿಸಿ ಕಟ್ಟುವ ಸ್ಪೀಕರ್‌ಗಳನ್ನು ಅಷ್ಟೇ ತಡವಾಗಿ ನುಡಿಯುವಂತೆ ಹೊಂದಿಸುತ್ತಾರೆ. ಇಲ್ಲವಾದರೆ ಒಂದೇ ಪೆಟ್ಟು ಎರಡೆರಡು ಸಲ ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ಎರಡು ದಿನ ಕಿವಿಯೊಳಗೆ ಜೀರುಂಡೆ ಕೂತಂತೆ ಗುಂಯ್‌ಗುಡುತ್ತಿತ್ತು. ಇದನ್ನು ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಎನ್ನುವುದು ಕೆಲಸದ ಜಾಗಗಳಿಗೆ ಅಮೆರಿಕದ ಆರೋಗ್ಯ ತಜ್ಞರು ಹಾಕಿದ ಮಿತಿ. ಅದರ ಮೇಲೆ ಪ್ರತಿ ಮೂರು ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯಬೇಕು. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ರಾಕ್ ವೇದಿಕೆಯ ಹತ್ತಿರ ಸದ್ದು ಸುಲಭವಾಗಿ ಅದನ್ನು ದಾಟುತ್ತದೆ, ಅದೂ ಎರಡು ಗಂಟೆ. ಅಂದಿನಿಂದ ನಾನು ಕಿವಿಗೆ ಇಡುವ ಪುಟ್ಟ ರಬ್ಬರ್ ಬಿರಡೆಗಳಿಲ್ಲದೆ ಯಾವ ರಾಕ್ ಕಾರ್ಯಕ್ರಮಕ್ಕೂ ಹೋಗಿಲ್ಲ. ಹಾಡು ಕಡಿಮೆಯಾಗುವುದಿಲ್ಲ, ಪೆಟ್ಟು ಮಾತ್ರ ಕಡಿಮೆಯಾಗುತ್ತದೆ. ನಲವತ್ತು ವರ್ಷ ಹಾಡು ಕೇಳಬೇಕೆಂದಿರುವವರು ಒಂದು ಸಂಜೆಗಾಗಿ ಕಿವಿಯನ್ನು ಕಳೆದುಕೊಳ್ಳಬಾರದು.

ಕೆಲಸದ ನಿಮಿತ್ತ ಕೆಲವು ವರ್ಷ ಅಮೆರಿಕದ ಅಟ್ಲಾಂಟಾದಲ್ಲಿದ್ದೆ. ರಜೆ ಸಿಕ್ಕಾಗಲೆಲ್ಲ ಹಾಡಿನ ದಾರಿ ಹಿಡಿದೆ. ಕೊಲೊರಾಡೊದ ರೆಡ್ ರಾಕ್ಸ್ ಎಂಬ ಬಯಲು ರಂಗಮಂದಿರಕ್ಕೂ ಹೋಗಿಬಂದೆ. ಎರಡು ಭಾರೀ ಕೆಂಪು ಬಂಡೆಗಳ ನಡುವಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂಬತ್ತು ಸಾವಿರಕ್ಕೂ ಮೀರಿದ ಆಸನಗಳು. ಕಷ್ಟದ ಕಾಲದಲ್ಲಿ ಕೆಲಸವಿಲ್ಲದ ತರುಣರಿಗೆ ಸರ್ಕಾರ ಕೊಟ್ಟ ದುಡಿಮೆಯಿಂದ ಕಟ್ಟಿದ ಜಾಗ ಅದು, 1941ರಲ್ಲಿ ತೆರೆಯಿತು. ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮೇಲೆ ಇರುವುದರಿಂದ ಹತ್ತುವಾಗಲೇ ಏದುಸಿರು. ಅಲ್ಲಿ ಗಿಟಾರಿನ ಸದ್ದು ಬಂಡೆಗೆ ಬಡಿದು ಬೆನ್ನ ಹಿಂದಿನಿಂದ ಬರುತ್ತದೆ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆದರೆ ನನ್ನ ಮನಸ್ಸೆಲ್ಲ ನ್ಯಾಶ್‌ವಿಲ್‌ನಲ್ಲಿತ್ತು.

ನ್ಯಾಶ್‌ವಿಲ್‌ನಲ್ಲಿ ಬ್ಲೂಬರ್ಡ್ ಕೆಫೆ ಎಂಬ ಪುಟ್ಟ ಜಾಗವಿದೆ. 1982ರಲ್ಲಿ ಆರಂಭವಾದದ್ದು. ಅಂಗಡಿಗಳ ಸಾಲಿನಲ್ಲಿ ಒಂದು ಬಾಗಿಲು, ಅಷ್ಟೆ. ಒಳಗೆ ತೊಂಬತ್ತು ಜನ ಕೂರಬಹುದು. ಅಲ್ಲಿನ ಪದ್ಧತಿಯೆಂದರೆ, ವೇದಿಕೆಯನ್ನೇ ಬಿಟ್ಟು, ಕೋಣೆಯ ನಡುವೆ ನಾಲ್ವರು ಒಬ್ಬರಿಗೊಬ್ಬರು ಎದುರಾಗಿ ಕುಳಿತುಕೊಳ್ಳುತ್ತಾರೆ. ಅವರು ಹಾಡು ಬರೆಯುವವರು. ತಾರೆಯರು ಹಾಡಿ ಹೆಸರುವಾಸಿಯಾದ ಹಾಡುಗಳನ್ನು ಬರೆದು, ತಾವು ಮಾತ್ರ ಬೀದಿಯಲ್ಲಿ ಯಾರ ಗುರುತಿಗೂ ಸಿಗದೆ ನಡೆದಾಡುವವರು. ಸರದಿಯಂತೆ ಒಬ್ಬೊಬ್ಬರು ಹಾಡು ಹುಟ್ಟಿದ ಬಗೆಯನ್ನು ಹೇಳಿ, ಆಮೇಲೆ ಹಾಡುತ್ತಾರೆ. ಕೇಳುವವರು ಮಾತನಾಡುವಂತಿಲ್ಲ. ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಗಿಟಾರ್ ಇತ್ತು. ಬೆರಳು ತಂತಿಯ ಮೇಲೆ ಜಾರುವಾಗಿನ ಕಿರ್ ಎನ್ನುವ ಸದ್ದು, ಸಾಲು ಶುರುವಾಗುವ ಮೊದಲು ಎಳೆದುಕೊಳ್ಳುವ ಉಸಿರು, ಎಲ್ಲ ಕೇಳಿಸುತ್ತಿತ್ತು. ಹಾಡಿದವರು ಐವತ್ತು ದಾಟಿದ ಹೆಂಗಸು. ತಂದೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಅಡುಗೆಮನೆಯಲ್ಲಿ ಬರೆದ ಹಾಡು ಎಂದರು. ಹಾಡು ಮುಗಿದ ಮೇಲೆ ಯಾರೂ ಕೂಡಲೇ ಚಪ್ಪಾಳೆ ತಟ್ಟಲಿಲ್ಲ. ನೀರಿನ ಲೋಟವನ್ನು ಕೈಯಲ್ಲಿ ಹಿಡಿದಿದ್ದ ಪರಿಚಾರಕಿ ಅದನ್ನು ಮೇಜಿನ ಮೇಲೆ ಇಡದೆ ಹಾಗೇ ನಿಂತಿದ್ದಳು. ನಮ್ಮ ಗೋಡೆಯಾಚೆಯ ದನಿ ಎಂಥದೆಂದು ನನಗೆ ಮೊದಲ ಸಲ ತಿಳಿದದ್ದು ಅಲ್ಲಿ. ಸಾವಿರ ಮಂದಿಗೆಂದು ಹಾಡಿದ್ದಲ್ಲ ಅದು, ಒಬ್ಬರಿಗೆಂದು ಹಾಡಿದ್ದು. ಆ ಒಬ್ಬರು ಯಾರು ಬೇಕಾದರೂ ಆಗಬಹುದಿತ್ತು, ಕೆ.ಜಿ.ಎಫ್‌ನ ಮಗುವೂ ಸಹ.

ಇನ್ನು ನ್ಯಾಶ್‌ವಿಲ್‌ನದೇ ರೈಮನ್ ಸಭಾಂಗಣ, ಜಿಮ್ ರೀವ್ಸ್ ನಿಂತು ಹಾಡಿದ ಜಾಗ. 2012ರ ಜನವರಿಯ ಒಂದು ಶನಿವಾರ ಅಟ್ಲಾಂಟಾದಿಂದ ನಾಲ್ಕು ಗಂಟೆ ಪ್ರಯಾಣ ಮಾಡಿ ನಾನೂ ನನ್ನ ಪತಿಯೂ ಅಲ್ಲಿಗೆ ಹೋದೆವು. ಟಾಮ್ ರೈಮನ್ ಎಂಬ ದೋಣಿಗಳ ಮಾಲೀಕ, ಧರ್ಮೋಪದೇಶಕರೊಬ್ಬರ ಮಾತಿಗೆ ಮನಸೋತು, ಊರಿನವರೆಲ್ಲ ಕೂತು ಕೇಳಲೆಂದು ಕಟ್ಟಿಸಿದ ಪ್ರಾರ್ಥನಾ ಮಂದಿರವದು, 1892ರಲ್ಲಿ ಪೂರ್ಣಗೊಂಡಿತು. ಬಣ್ಣದ ಗಾಜಿನ ಕಿಟಕಿಗಳು, ಅರ್ಧ ವೃತ್ತಾಕಾರದಲ್ಲಿ ಜೋಡಿಸಿದ ಓಕ್ ಮರದ ಬೆಂಚುಗಳು. ಬೆಂಚಿಗೆ ಮೆತ್ತೆಯಿಲ್ಲ. ನೂರು ವರ್ಷ ಜನ ಕೂತು ಎದ್ದು ಅಂಚೆಲ್ಲ ನುಣುಪಾಗಿದೆ. ಕೈಯಾಡಿಸಿದರೆ ಅಜ್ಜನ ಮನೆಯ ಹಳೆಯ ಮಣೆಯ ನುಣುಪು.

ಗ್ರ್ಯಾಂಡ್ ಓಲ್ ಆಪ್ರಿ ಎಂಬ ಬಾನುಲಿ ಕಾರ್ಯಕ್ರಮ 1943ರಿಂದ 1974ರವರೆಗೆ ನಡೆದದ್ದು ಇದೇ ವೇದಿಕೆಯಿಂದ. ಜಿಮ್ ರೀವ್ಸ್ 1955ರಲ್ಲಿ ಅದರ ಸದಸ್ಯರಾದರು. ಈಗ ಆಪ್ರಿಗೆ ಬೇರೆ ದೊಡ್ಡ ಸಭಾಂಗಣವಿದೆ. ಆದರೆ ಚಳಿಗಾಲದಲ್ಲಿ ಕೆಲವು ವಾರ ತನ್ನ ಹಳೆಯ ಮನೆಗೆ ಮರಳುತ್ತಿತ್ತು. ನಾವು ಹೋದದ್ದು ಆ ವಾರಗಳಲ್ಲೊಂದು.

ಬಾನುಲಿಯಲ್ಲಿ ಮಾತನಾಡುತ್ತಿರುವಾಗ ಆಪ್ರಿಯ ಹುಟ್ಟಿನ ಕಥೆ ಹೇಳದಿದ್ದರೆ ಹೇಗೆ? ನ್ಯಾಶ್‌ವಿಲ್‌ನ ಒಂದು ವಿಮಾ ಕಂಪನಿ 1925ರಲ್ಲಿ ಡಬ್ಲ್ಯು.ಎಸ್.ಎಂ. ಎಂಬ ಬಾನುಲಿ ಕೇಂದ್ರ ತೆರೆಯಿತು. ಅದೇ ವರ್ಷದ ನವೆಂಬರ್ 28ರ ರಾತ್ರಿ ಜಾರ್ಜ್ ಹೇ ಎಂಬ ಉದ್ಘೋಷಕರು, 77 ವರ್ಷದ ಜಿಮ್ಮಿ ಥಾಂಪ್ಸನ್ ಎಂಬ ಪಿಟೀಲು ವಾದಕರನ್ನು ಮೈಕಿನ ಮುಂದೆ ಕೂರಿಸಿದರು. ಹಳ್ಳಿಯ ಹಾಡುಗಳ ಆ ಶನಿವಾರದ ಕೂಟ ಅಂದು ಶುರುವಾದದ್ದು ಇಂದಿಗೂ ನಡೆಯುತ್ತಿದೆ. ಹೆಸರು ಬಂದದ್ದು 1927ರಲ್ಲಿ. ಆ ವರ್ಷದ ಒಂದು ರಾತ್ರಿ, ಈ ಕೂಟಕ್ಕೆ ಮುಂಚೆ ಅದೇ ಕೇಂದ್ರದಿಂದ ಶಾಸ್ತ್ರೀಯ ಸಂಗೀತದ ಪ್ರಸಾರವಿತ್ತು. ಅದು ಮುಗಿದ ಮೇಲೆ ಹೇ ಅವರು, ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ನಮ್ಮ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಅರ್ಥದ ಮಾತು ಹೇಳಿದರು. ಆಪೆರಾ ಎಂದರೆ ಪಾಶ್ಚಾತ್ಯ ಸಂಗೀತ ನಾಟಕ, ಆಪ್ರಿ ಅದೇ ಪದದ ಹಳ್ಳಿಯ ಉಚ್ಚಾರ. ಆ ರಾತ್ರಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಕಲಾವಿದರು ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದರು: ದೂರದಿಂದ ಬರುವ ಸದ್ದು, ಸಿಳ್ಳೆ, ಚಕ್ರದ ಲಯ ಎಲ್ಲವನ್ನೂ. ಕೇಳುಗರ ಅಚ್ಚುಮೆಚ್ಚಿನವರಾಗಿದ್ದ ಅವರನ್ನು 1941ರಲ್ಲಿ ಕೈಬಿಡಲಾಯಿತು. ಆಮೇಲೆ ಅವರು ಬೂಟು ಪಾಲಿಶ್ ಮಾಡುವ ಅಂಗಡಿ ನಡೆಸಿ ಬದುಕಿದರು. ಕಂಟ್ರಿ ಸಂಗೀತದ ಗಣ್ಯರ ಸಾಲಿಗೆ ಅವರ ಹೆಸರು ಸೇರಿದ್ದು 2005ರಲ್ಲಿ, ತೀರಿಕೊಂಡು ಇಪ್ಪತ್ತಮೂರು ವರ್ಷಗಳಾದ ಮೇಲೆ. ಈ ಸಂಗೀತವನ್ನು ಪ್ರೀತಿಸುವ ನಮ್ಮಂಥವರು ಈ ಅನ್ಯಾಯವನ್ನೂ ನೆನಪಿಟ್ಟುಕೊಳ್ಳಬೇಕು.

ಅಂದು ಬೆಂಚಿನಲ್ಲಿ ನನ್ನ ಪಕ್ಕ ಎಂಬತ್ತರ ಆಸುಪಾಸಿನ ಅಜ್ಜಿ ಕುಳಿತಿದ್ದರು, ಕೆಂಟಕಿಯವರು. ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅವರ ಬಾಲ್ಯದ ಮನೆಗೆ ವಿದ್ಯುತ್ ಇರಲಿಲ್ಲವಂತೆ. ಬ್ಯಾಟರಿಯ ರೇಡಿಯೊ. ಬ್ಯಾಟರಿ ತೀರಿಹೋದೀತೆಂದು ತಂದೆ ವಾರವಿಡೀ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಶನಿವಾರ ರಾತ್ರಿ ಮಾತ್ರ ಆಪ್ರಿಗಾಗಿ ತಿರುಗಿಸುತ್ತಿದ್ದರು. ನಾನು ನಮ್ಮ ಗೋಡೆಯ ಕಥೆ ಹೇಳಿದೆ. ಭಾರತದ ಒಂದು ಗಣಿಯ ಊರಿನಲ್ಲಿ ಜಿಮ್ ರೀವ್ಸ್ ಹಾಡುತ್ತಿದ್ದರೆಂದು ಕೇಳಿ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಒಂದು ಹಾಡು ಮುಗಿಯುವವರೆಗೂ ಬಿಡಲಿಲ್ಲ.

ಕಾರ್ಯಕ್ರಮ ನಡೆಯುವ ರೀತಿಯೇ ಬೇರೆ. ವೇದಿಕೆಯ ಪಕ್ಕದಲ್ಲಿ ಉದ್ಘೋಷಕರು ನಿಂತು ಜಾಹೀರಾತನ್ನು ಕೂಡ ಅಲ್ಲೇ ಓದುತ್ತಾರೆ. ಒಬ್ಬೊಬ್ಬರಿಗೆ ಎರಡೋ ಮೂರೋ ಹಾಡು. ಹಿರಿಯರ ಹಿಂದೆಯೇ ಹೊಸಬರು. ವಾದ್ಯದವರು ಒಬ್ಬರಿಗೊಬ್ಬರು ತಲೆಯಾಡಿಸಿ ಸುಳುಹು ಕೊಡುತ್ತಿದ್ದರು. ನಾನು ಹಾಡುವವರ ಮುಖಕ್ಕಿಂತ ಅವರ ಕಾಲ ಕೆಳಗಿನ ಹಲಗೆಗಳನ್ನೇ ಹೆಚ್ಚು ನೋಡಿದೆ. ಆ ದನಿ ನಿಂತದ್ದು ಇಲ್ಲೇ ಎಲ್ಲೋ.

ಅದೇ ದಿನ ಬೆಳಿಗ್ಗೆ ಆಪ್ರಿಯ ಹೊಸ ಸಭಾಂಗಣವನ್ನೂ ನೋಡಿ ಬಂದಿದ್ದೆವು. 1974ರಲ್ಲಿ ಅಲ್ಲಿಗೆ ಹೋಗುವಾಗ ರೈಮನ್ ವೇದಿಕೆಯಿಂದ ಆರಡಿ ಅಗಲದ ಒಂದು ವೃತ್ತವನ್ನು ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. 2010ರ ಮೇ ತಿಂಗಳಲ್ಲಿ ಕಂಬರ್‌ಲ್ಯಾಂಡ್ ನದಿ ಉಕ್ಕಿ ವೇದಿಕೆಯ ಮೇಲೆ ಸುಮಾರು ನಾಲ್ಕಡಿ ನೀರು ನಿಂತಿತು. ನೀರಿಳಿದ ಮೇಲೆ ಆ ವೃತ್ತವನ್ನು ಎತ್ತಿ ಒಣಗಿಸಿ, ಸರಿಪಡಿಸಿ, ಮತ್ತೆ ಅದೇ ಜಾಗದಲ್ಲಿಟ್ಟರು. ಗೀರುಗಳು ಹಾಗೇ ಇವೆ. ನಾನು ಅದರ ಅಂಚಿನವರೆಗೆ ಹೋಗಿ ಬೂಟು ಕಳಚಿ ನಿಂತೆ. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಹಾಡಿನವರು ನಿಂತ ನೆಲವನ್ನು ಬೂಟುಗಾಲಲ್ಲಿ ತುಳಿಯಲು ನನ್ನಿಂದಾಗಲಿಲ್ಲ.

ಆ ಶನಿವಾರ ರೈಮನ್‌ನಲ್ಲಿ ಎರಡು ಪ್ರದರ್ಶನಗಳಿದ್ದವು. ನಾವು ನೋಡಿದ್ದು ಮೊದಲನೆಯದು. ಮರುದಿನ ಬೆಳಿಗ್ಗೆ ನನ್ನ ಪತಿಗೆ ಕೆಲಸವಿದ್ದುದರಿಂದ ಹೊರಡಲೇಬೇಕಿತ್ತು. ಅಜ್ಜಿಯ ಬಳಿ ಎರಡಕ್ಕೂ ಟಿಕೆಟ್ ಇತ್ತು. ನಗರ ದಾಟಿ ಹೆದ್ದಾರಿಗೆ ಬಂದಾಗ ಕಾರಿನ ರೇಡಿಯೊವನ್ನು 650ಕ್ಕೆ ತಿರುಗಿಸಿದೆ. ಡಬ್ಲ್ಯು.ಎಸ್.ಎಂ. 50,000 ವಾಟ್ ಕೇಂದ್ರ. ರಾತ್ರಿಯ ಹೊತ್ತು ಎಷ್ಟೋ ರಾಜ್ಯಗಳಾಚೆಗೂ ಕೇಳಿಸುತ್ತದೆ. ಎರಡನೆಯ ಪ್ರದರ್ಶನ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ನಾನು ಕಂಡಿದ್ದ ಉದ್ಘೋಷಕರದೇ ದನಿ, ನಾನು ಕುಳಿತಿದ್ದ ಬೆಂಚುಗಳ ಕಡೆಯಿಂದಲೇ ಚಪ್ಪಾಳೆ. ಅದರಲ್ಲಿ ಅಜ್ಜಿಯ ಕೈಗಳೂ ಇದ್ದವು.

ಮಾಂಟೀಗಲ್ ಬೆಟ್ಟದ ಇಳಿಜಾರಿನಲ್ಲಿ ಲಾರಿಗಳ ಸದ್ದು ಹೆಚ್ಚಾಯಿತು. ಯಾರೋ ಒಬ್ಬರು ಮೆಲುದನಿಯಲ್ಲಿ ನಿಧಾನದ ಹಾಡೊಂದನ್ನು ಎತ್ತಿಕೊಂಡಿದ್ದರು. ಸರಿಯಾಗಿ ಕೇಳಿಸಲಿಲ್ಲ. ನಾನು ಪಕ್ಕಕ್ಕೆ ವಾಲಿ, ಬಾಗಿಲಿನ ಸ್ಪೀಕರ್‌ಗೆ ಕಿವಿಯಿಟ್ಟೆ.