ಬೇಕಲದ ಕಿಂಡಿಗೆ ಕಣ್ಣಿಟ್ಟು

ನಮಸ್ಕಾರ. ಈ ಸಲದ ಮಾತು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಕಾಸರಗೋಡಿನ ಬೇಕಲ ಕೋಟೆಯ ಮೇಲೆ ನಿಂತು ಆಡಿದ್ದೆಲ್ಲ ಗಾಳಿಯ ಪಾಲಾಯಿತು. ಮೈಕಿನಲ್ಲಿ ಬರೀ ಭರ್ರ್ ಅನ್ನುವ ಸದ್ದು. ನಡುವೆ ಅಮ್ಮ "ಟೋಪಿ ಹಿಡ್ಕೋ" ಎಂದದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ!

ಬೆಳಿಗ್ಗೆ ಮೊದಲು ಹೋಗಿದ್ದು ಕುಂಬಳೆ ಹತ್ತಿರದ ಅನಂತಪುರಕ್ಕೆ. ಕೆರೆಯ ನಡುವೆ ಗುಡಿ, ದಾಟಲು ಸಣ್ಣ ಸೇತುವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂದು ಇಲ್ಲಿಯವರ ನಂಬಿಕೆ. ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ನೆನಪಿದೆ ಅಲ್ವಾ? ದೇವರ ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರಿನಲ್ಲಿ ಸತ್ತುಹೋಯಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಾವು ಅರ್ಧ ಗಂಟೆ ಕಾದೆವು. ನೀರು ಅಲುಗಲಿಲ್ಲ.

ಕಾಸರಗೋಡಿನಲ್ಲಿ ಊಟ ಮಾಡಿ ಬಸ್ಸು ಹತ್ತಿದೆವು. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕಿವಿಗೆ ಬೀಳುವ ಕನ್ನಡ ಕಡಿಮೆಯಾಗುತ್ತಾ ಹೋಯಿತು. ಬೇಕಲದ ಗೂಡಂಗಡಿಯಲ್ಲಿ ನಾನು ಬಾಳೆಹಣ್ಣಿನ ಪೋಡಿ, ಅಂದರೆ ಬಜ್ಜಿ, ಕೇಳಿದೆ. "ಪಳಂಪೊರಿ" ಎಂದು ತಿದ್ದಿ, ನಗುತ್ತಾ ಎರಡು ಕೊಟ್ಟರು. ತಿಂಡಿ ಒಂದೇ. ಜೊತೆಗೆ ನಿಂಬೆ ಹಿಂಡಿದ ಸುಲೈಮಾನಿ. ಅಮ್ಮನಿಗೆ ಹಾಲಿಲ್ಲದ ಚಹಾ ಚಹಾವೇ ಅಲ್ಲ. ಆದರೂ ಎರಡನೆಯ ಲೋಟ ತರಿಸಿದರು.

ಈಗ ಕೋಟೆ. ಕಟ್ಟಿಸಿದವನು ನಮ್ಮ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಶಾಲೆಯಲ್ಲಿ ಓದಿದ 'ಶಿಸ್ತಿನ' ಶಿವಪ್ಪ ನಾಯಕನೇ. ಆ ಶಿಸ್ತು ಎಂದರೆ ಭೂಕಂದಾಯದ ಲೆಕ್ಕ, ಮೇಷ್ಟ್ರು ಹೇಳುವ ಶಿಸ್ತಲ್ಲ. ಇಲ್ಲಿ ಮೊದಲೇ ಒಂದು ಕೋಟೆಯಿತ್ತು, ಅವನು ಬಲಪಡಿಸಿದ ಎನ್ನುವವರೂ ಇದ್ದಾರೆ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಇದು ಮೈಸೂರಿನವರ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಜೊತೆಗೆ ಕೋಟೆಯೂ. ರಾಜ್ಯಗಳ ಗಡಿ ಜಗಳ ನೋಡಲು ನೇಮಿಸಿದ್ದ ಮಹಾಜನ ಆಯೋಗ ಕರ್ನಾಟಕಕ್ಕೆ ಕೊಡಿ ಎಂದದ್ದು ಚಂದ್ರಗಿರಿಯ ಉತ್ತರದ ಭಾಗವನ್ನು. ಬೇಕಲ ಇರುವುದು ದಕ್ಷಿಣಕ್ಕೆ. ಅಂದರೆ ಆ ಲೆಕ್ಕದಲ್ಲೂ ಇದು ಕೇರಳದ್ದೇ.

ಸುಮಾರು 40 ಎಕರೆ. ಒಳಗೆ ಅರಮನೆ ಗಿರಮನೆ ಏನೂ ಇಲ್ಲ. ಬಾಗಿಲ ಹತ್ತಿರ ಆಂಜನೇಯ, ಮೆಟ್ಟಿಲಿಳಿಯುವ ನೀರಿನ ಕೊಳ, ಸಿಡಿಮದ್ದಿನ ಮನೆ, ನಡುವೆ ಗಿಡ್ಡ ದಪ್ಪ ಕಾವಲು ಬುರುಜು. ಅದರ ಮೇಲಕ್ಕೆ ಅಗಲವಾದ ಇಳಿಜಾರು ದಾರಿ. ಮಂಡಿನೋವಿನ ಅಮ್ಮ ನನಗಿಂತ ಮೊದಲು ಹತ್ತಿದರು.

ನಾನು ಜಾಸ್ತಿ ಹೊತ್ತು ನಿಂತದ್ದು ಗೋಡೆಯ ಹತ್ತಿರ. ಕೆಂಪು ಮುರಕಲ್ಲು, ಮುಟ್ಟಿದರೆ ರವೆಯಂಥ ಪುಡಿ ಬೆರಳಿಗೆ ಹತ್ತುತ್ತದೆ. ಅದರಲ್ಲಿ ಬಂದೂಕಿನ ಕಿಂಡಿಗಳು. ಎಲ್ಲ ಒಂದೇ ತರಹ ಅಂದುಕೊಂಡಿದ್ದೆ. ಕಣ್ಣಿಟ್ಟಾಗ ಗೊತ್ತಾಯಿತು. ಮೇಲಿನ ಕಿಂಡಿಯಲ್ಲಿ ದೂರದ ಸಮುದ್ರ. ಅದರ ಕೆಳಗಿನದರಲ್ಲಿ ಅಲೆ ಒಡೆಯುವ ಜಾಗ. ಎಲ್ಲಕ್ಕಿಂತ ಕೆಳಗಿನದು ಓರೆಯಾಗಿ ಇಳಿದು ನೇರ ಗೋಡೆಯ ಬುಡ ತೋರಿಸುತ್ತದೆ. ಶತ್ರು ದೂರ ಇದ್ದಾಗ ಒಂದು, ಹತ್ತಿರ ಬಂದಾಗ ಇನ್ನೊಂದು, ಕಾಲಬುಡಕ್ಕೇ ಬಂದರೆ ಮತ್ತೊಂದು. ನಾನು ಇಣುಕಿದಾಗ ಆ ಕೆಳಗಿನ ಕಿಂಡಿಯಲ್ಲಿ ಸಿಕ್ಕಿದ್ದು ಒಬ್ಬ ಹುಡುಗ. ಪಾಪ, ಸುಮ್ನೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದ.

ನಮ್ಮ ಭೂತಕೋಲದಂಥ ತೆಯ್ಯಂ ನೋಡುವ ಆಸೆ ಈ ಸಲ ಈಡೇರಲಿಲ್ಲ. ಅದಕ್ಕೆ ತುಲಾ ಮಾಸದಿಂದ (ಅಕ್ಟೋಬರ್-ನವೆಂಬರ್) ಮಳೆ ಶುರುವಾಗುವ ತನಕದ ದಿನಗಳಲ್ಲಿ, ಯಾವ ಕಾವಿನಲ್ಲಿ, ಅಂದರೆ ದೈವದ ಬನದಲ್ಲಿ, ಯಾವ ರಾತ್ರಿ ಎಂದು ವಿಚಾರಿಸಿಕೊಂಡೇ ಬರಬೇಕು. ನಾವು ಹಾಗೇ ಬಂದುಬಿಟ್ಟಿದ್ದೆವು.

ಸಂಜೆ ನಾನೊಬ್ಬನೇ ಸಮುದ್ರದ ಕಡೆ ಇಳಿದೆ. ಅಮ್ಮ ಮೇಲೇ ಉಳಿದರು. ಕೆಳಗಿನಿಂದ ಕ್ಯಾಮೆರಾ ಎತ್ತಿ ಗೋಡೆಯಲ್ಲಿ ಆ ಕಿಂಡಿ ಹುಡುಕಿದೆ. ನೀವೂ ನೋಡಿ, ಬರೀ ಕಪ್ಪು ಚುಕ್ಕೆಗಳು. ಅಷ್ಟರಲ್ಲಿ ಫೋನ್ ಬಂತು.

"ಆಗಿಂದ ಕೈ ಬೀಸ್ತಾ ಇದ್ದೀನಿ, ಕಾಣಿಸಲ್ವಾ? ನಂಗೆ ನೀನು ಚೆನ್ನಾಗಿ ಕಾಣ್ತಿದ್ದೀಯ. ಟೋಪಿ ಎಲ್ಲೋ?"