ಚರ್ಮ ಅಂದರೆ ಗಾಳಿಯ ಮನೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಮಾಡೋಣ. ಬಲಗೈಯಿಂದ ನಿಮ್ಮ ಎಡ ಮೊಣಕೈ ಮುಟ್ಟಿ ನೋಡಿ. ಒರಟಾಗಿದೆ ಅಲ್ವಾ? ಈಗ ಮುಂಗೈ ಮೇಲೆ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ. ಬೆಳ್ಳಗೆ ಮೂಡಿತಾ? ಡಿಸೆಂಬರ್ ಬಂತೆಂದರೆ ನಮ್ಮ ವಿಜಯಪುರದ ಕಡೆ ಬಹಳ ಜನರ ಕೈ ಹೀಗೇ ಇರುತ್ತದೆ. ಚಳಿಗಾಳಿಗೆ ಮೈ ಒಡೆದಿದೆ ಅಂತೀವಿ. ಆ ಮಾತಿನಲ್ಲೇ ಇವತ್ತಿನ ವಿಷಯ ಅರ್ಧ ಬಂದುಬಿಟ್ಟಿದೆ. ಗಾಳಿಗೆ ಮೈ ಒಡೆಯುತ್ತದೆ.

ಇವತ್ತು ಮಾತಾಡುವುದು ಪಂಚಭೂತ ಮತ್ತು ನಮ್ಮ ಚರ್ಮದ ಬಗ್ಗೆ. ಪಂಚಭೂತ ಅಂದ ಕೂಡಲೇ ಇದು ದೊಡ್ಡ ಪಂಡಿತರ ವಿಷಯ ಅಂತ ಅನಿಸಬಹುದು. ಹಾಗೇನೂ ಇಲ್ಲ. ನಿಮ್ಮ ಮನೆಯ ಜೋಳದ ರೊಟ್ಟಿಯಲ್ಲಿ ಐದೂ ಇವೆ. ಹಿಟ್ಟು ಪೃಥ್ವಿ. ನಾದಲು ಹಾಕಿದ ಬಿಸಿನೀರು ಜಲ. ಹಂಚಿನ ಕೆಳಗಿನ ಉರಿ ಅಗ್ನಿ. ರೊಟ್ಟಿಯನ್ನು ಉಬ್ಬಿಸುವ ಆವಿ ವಾಯು. ಉಬ್ಬಿದಾಗ ಎರಡು ಪದರದ ನಡುವೆ ಬಿಡುತ್ತದಲ್ಲ ಜಾಗ, ಅದು ಆಕಾಶ. ಒಂದು ಕಡಿಮೆಯಾದರೂ ರೊಟ್ಟಿ ಸರಿಯಾಗಿ ಬರುವುದಿಲ್ಲ.

ಆಯುರ್ವೇದದ ಹಳೆಯ ವೈದ್ಯರು ಭೂತ ಅಂದಿದ್ದು ಹೆಚ್ಚಾಗಿ ಗುಣವನ್ನು. ಭಾರ, ಗಟ್ಟಿ ಇದ್ದರೆ ಪೃಥ್ವಿ. ಒದ್ದೆ, ಜಿಗುಟು ಇದ್ದರೆ ಜಲ. ಬಿಸಿ, ಚುರುಕು ಇದ್ದರೆ ಅಗ್ನಿ. ಒಣಗಿಸುವುದು, ಹಗುರ ಮಾಡುವುದು, ಅಲುಗಾಡಿಸುವುದು ವಾಯು. ಎಡೆ ಕೊಡುವುದು ಆಕಾಶ. ಇದನ್ನು ಇವತ್ತಿನ ರಸಾಯನಶಾಸ್ತ್ರದ ಮೂಲವಸ್ತುಗಳ ಪಟ್ಟಿಗೆ ಹೋಲಿಸಿ ಜಗಳ ಆಡುವುದು ಬೇಡ. ಮುಟ್ಟಿ, ನೋಡಿ, ರುಚಿ ಹತ್ತಿಸಿ ತಿಳಿದುಕೊಂಡ ಲೆಕ್ಕ ಇದು. ಆ ಲೆಕ್ಕವಾಗಿಯೇ ನಾನು ಇದನ್ನು ನಂಬುತ್ತೇನೆ, ದಿನವೂ ಬಳಸುತ್ತೇನೆ.

ಮೈಯಲ್ಲಿ ಈ ಐದೂ ಸೇರಿ ಮೂರು ದೋಷಗಳಾಗುತ್ತವೆ, ಅಂದರೆ ಮೈಯನ್ನು ನಡೆಸುವ ಮೂರು ಶಕ್ತಿಗಳು. ವಾಯು, ಆಕಾಶ ಸೇರಿದರೆ ವಾತ. ಅಗ್ನಿಯೇ ಮುಖ್ಯವಾಗಿರುವುದು ಪಿತ್ತ. ನೀರು, ಮಣ್ಣು ಸೇರಿದರೆ ಕಫ. ಇದು ನಿಮಗೆ ಗೊತ್ತಿರುವುದೇ. ಪಿತ್ತದ ಗಂಧೆ ಎದ್ದಿದೆ, ಮೈಗೆ ಉಷ್ಣ ಆಗಿದೆ ಅಂತ ಮನೆಯಲ್ಲಿ ಹೇಳುತ್ತಲೇ ಇರುತ್ತೀರಿ.

ಚರ್ಮದ ವಿಷಯಕ್ಕೆ ಬರೋಣ. ಒಂದೊಂದು ಇಂದ್ರಿಯಕ್ಕೆ ಒಂದೊಂದು ಭೂತ ಅಂತ ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆ ಹೇಳುತ್ತದೆ. ಕಿವಿಗೆ ಆಕಾಶ, ಕಣ್ಣಿಗೆ ಅಗ್ನಿ, ನಾಲಿಗೆಗೆ ನೀರು, ಮೂಗಿಗೆ ಪೃಥ್ವಿ. ಚರ್ಮಕ್ಕೆ ವಾಯು. ಮುಟ್ಟಿದ್ದು ತಿಳಿಯುವುದು ವಾಯುವಿನಿಂದ, ಆ ತಿಳಿವು ಇರುವುದು ಚರ್ಮದಲ್ಲಿ. ಅಂದರೆ ಚರ್ಮ ಗಾಳಿಯ ಮನೆ. ಅದಕ್ಕೇ ಹೊರಗೆ ಗಾಳಿ ಒಣಗಿದರೆ ಮೊದಲ ಪೆಟ್ಟು ಬೀಳುವುದು ಚರ್ಮಕ್ಕೆ.

ಮತ್ತೆ ರೊಟ್ಟಿಯನ್ನೇ ನೋಡಿ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಬಟ್ಟೆಯ ಹಾಗೆ ಮಡಚುತ್ತದೆ. ಅದನ್ನೇ ಗಾಳಿಗೆ ಇಟ್ಟು ಒಣಗಿಸಿ, ಕಡಕ್ ಆಗುತ್ತದೆ. ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಬಿಸಿ ಇರುವಾಗಲೇ ಬೆಣ್ಣೆ ಸವರಿ ಮುಚ್ಚಿಟ್ಟರೆ ಬೇಗ ಒಣಗುವುದಿಲ್ಲ. ನಿಮ್ಮ ಹಿಮ್ಮಡಿಯಲ್ಲಿ ಆಗುವುದೂ ಇದೇ. ಇವತ್ತಿನ ಚರ್ಮವೈದ್ಯರು ಇದನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. ಚರ್ಮದ ಮೇಲ್ಪದರದಲ್ಲಿ ಸ್ವಲ್ಪ ಜಿಡ್ಡು ಇದೆ, ಒಳಗಿನ ನೀರು ಆರಿಹೋಗದಂತೆ ಅದು ತಡೆಯುತ್ತದೆ. ಸುಡು ಸುಡು ನೀರು ಹೊಯ್ದುಕೊಂಡು ಎರಡೆರಡು ಸಲ ಸೋಪು ಹಚ್ಚಿದರೆ ಆ ಜಿಡ್ಡು ತೊಳೆದುಹೋಗುತ್ತದೆ. ಚಳಿಗಾಲದಲ್ಲಿ ನಾವು ಮಾಡುವುದು ಸರಿಯಾಗಿ ಇದನ್ನೇ!

ಇದಕ್ಕೆ ಚರಕ ಹೇಳುವ ಮದ್ದು ಅಭ್ಯಂಗ, ಅಂದರೆ ಮೈಗೆ ಎಣ್ಣೆ ಹಚ್ಚುವುದು. ಎಣ್ಣೆ ಕುಡಿದ ಮಡಕೆ ಹೇಗೆ ಗಟ್ಟಿಯಾಗುತ್ತದೋ, ಎಣ್ಣೆ ತಿಕ್ಕಿದ ತೊಗಲು ಹೇಗೆ ಮೆತ್ತಗಾಗುತ್ತದೋ, ಎಣ್ಣೆ ಹಾಕಿದ ಬಂಡಿಯ ಅಚ್ಚು ಹೇಗೆ ಬಾಳಿಕೆ ಬರುತ್ತದೋ, ಎಣ್ಣೆ ಹಚ್ಚಿದ ಮೈಯೂ ಹಾಗೆ ಅನ್ನುತ್ತಾನೆ. ಬಂಡಿಗೆ ಕೀಲೆಣ್ಣೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವೋ ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ ಎಣ್ಣೆಸ್ನಾನ ಮಾಡಿ ಮುಗಿಸುತ್ತೇವೆ. ಚರಕ ಹೇಳಿದ್ದು ದಿನವೂ ಹಚ್ಚಿ ಅಂತ.

ದಿನವೂ ಆಗದಿದ್ದರೆ ವಾರಕ್ಕೆ ಎರಡು ಸಲ ಹಚ್ಚಿ. ಎಳ್ಳೆಣ್ಣೆ ಒಳ್ಳೆಯದು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ, ಉಗುರುಬೆಚ್ಚಗಾದರೆ ಸಾಕು. ಕೈಕಾಲಿಗೆ ಉದ್ದಕ್ಕೆ ಸವರಿ, ಕೀಲುಗಳ ಸುತ್ತ ಸುತ್ತು ತಿಕ್ಕಿ. ಅರ್ಧ ಗಂಟೆ ಬಿಟ್ಟು ಸ್ನಾನ ಮಾಡಿ. ಸೋಪಿನ ಬದಲು ಹೆಸರುಹಿಟ್ಟು ಅಥವಾ ಕಡಲೆಹಿಟ್ಟು ಹಚ್ಚಿ ತೊಳೆಯಿರಿ. ಬಚ್ಚಲಲ್ಲಿ ಜಾರುತ್ತದೆ, ವಯಸ್ಸಾದವರು ಜೋಪಾನ. ಅಜೀರ್ಣ ಇದ್ದಾಗ, ಕಫ ಜಾಸ್ತಿ ಇದ್ದಾಗ ಬೇಡ ಅಂತ ಆಯುರ್ವೇದದ ಇನ್ನೊಬ್ಬ ಹಳೆಯ ಗ್ರಂಥಕಾರ ವಾಗ್ಭಟ ಹೇಳಿದ್ದಾನೆ. ಮೊಡವೆ ಇರುವವರು ಮುಖಕ್ಕೆ ಎಣ್ಣೆ ಹಚ್ಚಬೇಡಿ ಅಂತ ನಾನು ಸೇರಿಸುತ್ತೇನೆ.

ಹಚ್ಚಿದ ಎಣ್ಣೆ ಏನಾಗುತ್ತದೆ? ಚರ್ಮದಲ್ಲೂ ಒಂದು ಅಗ್ನಿ ಇದೆ, ಅದರ ಹೆಸರು ಭ್ರಾಜಕ ಪಿತ್ತ ಅಂತ ಇನ್ನೊಂದು ಹಳೆಯ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿದೆ. ಎಣ್ಣೆ, ಲೇಪಗಳನ್ನು ಅದು ಪಾಕ ಮಾಡಿಕೊಳ್ಳುತ್ತದಂತೆ, ಚರ್ಮಕ್ಕೆ ಹೊಳಪು ಕೊಡುವುದೂ ಅದೇ. ಅದೇ ಗ್ರಂಥದಲ್ಲಿ ಇನ್ನೊಂದು ಮಾತು ನನಗೆ ಬಹಳ ಇಷ್ಟ. ಹಾಲು ಕಾಯುವಾಗ ಕೆನೆ ಕಟ್ಟುವ ಹಾಗೆ, ಬಸಿರಿನಲ್ಲಿ ಮಗುವಿಗೆ ಚರ್ಮ ಏಳು ಪದರವಾಗಿ ಕಟ್ಟುತ್ತದೆ. ಕೆನೆಯನ್ನು ಎಷ್ಟು ಹಗುರವಾಗಿ ಎತ್ತುತ್ತೀರಿ, ನೆನೆಸಿಕೊಳ್ಳಿ. ಮುಖವನ್ನು ಮುಟ್ಟಬೇಕಾದದ್ದೂ ಹಾಗೆಯೇ.

ನಾವು ಹಾಗೆ ಮುಟ್ಟುತ್ತಿಲ್ಲ. ನನ್ನ ಹತ್ತಿರ ಒಬ್ಬ ಹುಡುಗಿ ಬಂದಿದ್ದಳು. ಬೆಳ್ಳಗಾಗಲಿ ಅಂತ ಕೆನ್ನೆಗೆ ನಿಂಬೆರಸ ಹಚ್ಚಿಕೊಂಡು, ತೊಳೆಯದೆ ಬಿಸಿಲಿಗೆ ಹೋಗಿದ್ದಾಳೆ. ರಸ ಇಳಿದ ದಾರಿಯಲ್ಲೇ ಕಪ್ಪು ಗೆರೆ ಬಿದ್ದಿತ್ತು. ನಿಂಬೆರಸಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ಹುಳಿ ರುಚಿಯಲ್ಲಿ ಪೃಥ್ವಿ, ಅಗ್ನಿ ಎರಡೂ ಇವೆ ಅಂತ ಚರಕನ ಲೆಕ್ಕ. ಒಂದು ಅಗ್ನಿಯ ಮೇಲೆ ಇನ್ನೊಂದು ಅಗ್ನಿ! ಆ ಮಗು ಅಳುತ್ತಾ ಕೇಳಿದ್ದು ಒಂದೇ, 'ಡಾಕ್ಟ್ರೇ, ನಾನು ಮೊದಲಿನ ಹಾಗೆ ಆಗ್ತೀನಾ?' ಕಲೆ ತಿಳಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಮನೆಮದ್ದು ಅಂದ ಮಾತ್ರಕ್ಕೆ ಸುಮ್ನೆ ಹಚ್ಚಬೇಡಿ. ನಿಮ್ಮ ಬಣ್ಣದಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಚರ್ಮ ವಾಯುವಿನ ಮನೆ, ಅದರ ಕೆಲಸ ಸ್ಪರ್ಶ. ಮೈಮೇಲೆ ಎಲ್ಲಾದರೂ ತಿಳಿಯಾದ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಎಣ್ಣೆ ಹಚ್ಚುತ್ತಾ ಕೂರಬೇಡಿ. ಕುಷ್ಠರೋಗದ ಶುರು ಹಾಗೆ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಒಡೆದ ಹಿಮ್ಮಡಿಯನ್ನು ದಿನವೂ ಕಣ್ಣಿಟ್ಟು ನೋಡಿ. ಅವರಿಗೆ ಗಾಯ ಆದದ್ದೇ ಎಷ್ಟೋ ಸಲ ತಿಳಿಯುವುದಿಲ್ಲ.

ತಲೆ, ಕಿವಿ, ಪಾದ, ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಿ ಅಂತ ವಾಗ್ಭಟ ಹೇಳುತ್ತಾನೆ. ಕಿವಿಯೊಳಗೆ ನೀವಾಗಿ ಎಣ್ಣೆ ಹೊಯ್ದುಕೊಳ್ಳಬೇಡಿ, ಅದನ್ನು ವೈದ್ಯರಿಗೆ ಬಿಡಿ. ಪಾದ ಮಾತ್ರ ನಿಮ್ಮ ಕೈಯಲ್ಲೇ ಇದೆ. ಇವತ್ತು ರಾತ್ರಿ ಕಾಲು ತೊಳೆದು, ಒರೆಸಿ, ಹಿಮ್ಮಡಿಗೆ ಎಳ್ಳೆಣ್ಣೆ ತಿಕ್ಕಿ ಮಲಗಿ. ಮನೆಯಲ್ಲಿ ಅಜ್ಜಿ ಇದ್ದರೆ ಮೊದಲು ಅವರ ಕಾಲಿಗೆ ಹಚ್ಚಿ.

ಒಂದು ಬಟ್ಟಲು ಬೆಚ್ಚಗಿನ ಎಣ್ಣೆ ತಂದಿದ್ದೇನೆ. ಮುಂದಿನ ಸಾಲಿನಿಂದ ಕಳಿಸುತ್ತೇನೆ. ಎರಡೆರಡು ಹನಿ ತೆಗೆದುಕೊಂಡು, ಆಗ ಮುಟ್ಟಿದ ಮೊಣಕೈಗೇ ಹಚ್ಚಿ. ಅದು ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ನಿಮ್ಮ ಪ್ರಶ್ನೆ ಕೇಳಿ.