ಮೊದಲ ಎರಡು ರಾತ್ರಿ

ಎಲ್ಲರಿಗೂ ನಮಸ್ಕಾರ. ಎಂಜಿನಿಯರ್‌ಗಳ ದಿನ ಅಂದ ಮೇಲೆ ಸರ್ ಎಂ.ವಿ. ಅವರನ್ನು ನೆನೆಯದೆ ಮಾತು ಶುರುವಾಗುವುದಿಲ್ಲ. ಆದರೆ ಅವರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನಾನು 19 ವರ್ಷ ಹಿಮಾಚಲದ ಕುಲ್ಲು ಕಣಿವೆಯಲ್ಲಿ ಮನೆ ಕಟ್ಟಿಸಿದವನು. ನನಗೆ ಗೊತ್ತಿರುವುದನ್ನೇ, ಅಂದರೆ ಚಳಿಯಲ್ಲಿ ಕಾಂಕ್ರೀಟ್ ಹಾಕುವ ಬಗ್ಗೆ, ಹೇಳುತ್ತೇನೆ.

ಮೊದಲು ಈ ತುಂಡನ್ನು ನೋಡಿ. ಒಂದು ಮೋಲ್ಡ್‌ನಿಂದ, ಅಂದರೆ ಕಾಂಕ್ರೀಟ್ ಚಾವಣಿಯಿಂದ, ಒಡೆದು ತೆಗೆದದ್ದು. ಇದನ್ನು ಒಬ್ಬರಿಂದ ಒಬ್ಬರಿಗೆ ಕೊಡುತ್ತಾ ಹೋಗಿ. ಕೈಗೆ ಬಂದಾಗ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಇದರ ಕಥೆಯನ್ನು ಆಮೇಲೆ ಹೇಳುತ್ತೇನೆ.

ಇವತ್ತು ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣ ಒಂದು ಫೋನ್. ಕಳೆದ ತಿಂಗಳು ನಮ್ಮ ಕಡೆಯ ಮೂವರು ಹುಡುಗರು ಮಾಡಿದ್ದರು. ಕುಲ್ಲುವಿನಾಚೆಯ ಲಾಹೌಲ್‌ನಲ್ಲಿ ಒಂದು ಹೋಂಸ್ಟೇ ಕಟ್ಟುವ ಕೆಲಸ ಹಿಡಿದಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆಯಿತಲ್ಲ, ಆಮೇಲೆ ಅಲ್ಲಿನ ಚಿತ್ರವೇ ಬೇರೆ. ಮೊದಲು ರೋಹ್ತಾಂಗ್ ಘಾಟಿ ಹಿಮದಿಂದ ಮುಚ್ಚಿದರೆ ವರ್ಷದ ಅರ್ಧ ಭಾಗ ಲಾಹೌಲ್‌ಗೆ ದಾರಿ ಇರಲಿಲ್ಲ. ಈಗ 9 ಕಿಲೋಮೀಟರ್ ಸುರಂಗ ದಾಟಿದರೆ ಆಯಿತು. ಸಿಮೆಂಟು, ಕಂಬಿ ಎಲ್ಲ ಸಲೀಸಾಗಿ ಹೋಗುತ್ತವೆ. ಹುಡುಗರು ಕೇಳಿದ್ದು ಇಷ್ಟೇ: "ಸಾರ್, ಡಿಸೆಂಬರ್‌ನಲ್ಲೂ ಮೋಲ್ಡ್ ಹಾಕಬಹುದಾ? ಮಧ್ಯಾಹ್ನ ಚೆನ್ನಾಗಿ ಬಿಸಿಲಿರುತ್ತೆ, ಬೇಗ ಒಣಗುತ್ತೆ ಅಂತಾರೆ."

ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು. ಕಾಂಕ್ರೀಟ್ ಒಣಗುವುದಿಲ್ಲ. ಇಲ್ಲಿರುವ ಎಂಜಿನಿಯರ್‌ಗಳಿಗೆ ಇದು ಗೊತ್ತು. ಮೇಸ್ತ್ರಿಗಳಿಗೂ ಗೊತ್ತು, ಅದಕ್ಕೇ ಅಲ್ವಾ ವಾರಗಟ್ಟಲೆ ನೀರು ಹೊಡೆಯುವುದು? ಆದರೂ ಬಾಯಲ್ಲಿ ಬರುವುದು "ಒಣಗಿತು" ಅಂತಲೇ. ಸಿಮೆಂಟು ನೀರಿನ ಜೊತೆ ಕೂಡಿ ಗಟ್ಟಿಯಾಗುತ್ತದೆ. ಆ ಕೂಡುವಿಕೆಗೆ ಬಿಸಿ ಬೇಕು, ಸಮಯ ಬೇಕು. 20 ಡಿಗ್ರಿಯಲ್ಲಿ ಚುರುಕಾಗಿ ನಡೆಯುವ ಕೆಲಸ 10 ಡಿಗ್ರಿಗೆ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಸೊನ್ನೆಗೆ ಹೋದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಜೊತೆಗೆ ಒಳಗಿನ ನೀರು ಮಂಜುಗಡ್ಡೆಯಾಗುತ್ತದೆ, ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಎಳೆಯ ಕಾಂಕ್ರೀಟಿಗೆ ಆ ಒತ್ತಡ ತಡೆಯುವ ಶಕ್ತಿ ಎಲ್ಲಿದೆ? ಒಳಗೆಲ್ಲ ಬಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಎಷ್ಟು ದಿನ ನೀರು ಹೊಡೆದರೂ, ಬರಬೇಕಾದ ಶಕ್ತಿಯಲ್ಲಿ ಅರ್ಧದಷ್ಟು ಹೋಗಿಯೇ ಬಿಟ್ಟಿರಬಹುದು.

ಈಗ ಆ ತುಂಡಿನ ಕಥೆ. ನಾನು ಅಲ್ಲಿಗೆ ಹೋಗಿ ಎರಡನೇ ವರ್ಷ. ನಗ್ಗರ್‌ನಿಂದ ಮೇಲೆ, ಸೇಬಿನ ತೋಟಗಳ ನಡುವೆ ಒಂದು ಮನೆ. ಮೋಲ್ಡ್‌ಗೆ ಅಲ್ಲಿ ಲೆಂಟರ್ ಅಂತಾರೆ. ಡಿಸೆಂಬರ್ ಬಂದಿತ್ತು. ನೇಪಾಳದ ಕೆಲಸದವರು ಊರಿಗೆ ಹೊರಟು ನಿಂತಿದ್ದರು. ಹಿಮ ಬೀಳುವ ಮೊದಲು ಲೆಂಟರ್ ಮುಗಿಸಬೇಕು ಅಂತ ಎಲ್ಲರಿಗೂ ಅವಸರ. ನನಗೂ. ಬೆಳಿಗ್ಗೆ ಮಿಕ್ಸರ್ ಕೆಟ್ಟಿತು. ಶುರುವಾದಾಗ ಹನ್ನೊಂದು ಗಂಟೆ. ಹಿಂಭಾಗ, ಅಡುಗೆಮನೆ ಕಡೆ, ಎರಡು ಗಂಟೆಗೆ ಮುಗಿಯಿತು. ಮುಂಭಾಗ ಮುಗಿಯುವಾಗ ನಾಲ್ಕೂವರೆ. ಆ ಕಣಿವೆಯಲ್ಲಿ ಚಳಿಗಾಲದ ಸೂರ್ಯ ಮೂರು ಗಂಟೆಗೆಲ್ಲ ಬೆಟ್ಟದ ಹಿಂದೆ ಹೋಗುತ್ತಾನೆ. ನಾವು ಕರಣೆ ಎಳೆಯುವಾಗಲೇ ಬೆರಳು ಮರಗಟ್ಟುತ್ತಿದ್ದವು.

ಆ ಮನೆಯ ಅಜ್ಜಿ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಎಲ್ಲರೂ ಅವರನ್ನು ಅಮ್ಮಾಜಿ ಅನ್ನುತ್ತಿದ್ದರು. ನನ್ನನ್ನು ಕರೆದು ಕೇಳಿದರು, "ಬೇಟಾ, ಇದಕ್ಕೆ ರಾತ್ರಿ ಏನು ಹೊದಿಸುತ್ತೀ?" ನಾನು, ಏನೂ ಬೇಡ ಅಮ್ಮಾಜಿ, ಇದು ಸಿಮೆಂಟು ಅಂದೆ. ಅವರು ಕೊಟ್ಟಿಗೆ ಕಡೆ ಕೈ ತೋರಿಸಿದರು. "ಇವತ್ತು ಹುಟ್ಟಿದ ಕರುವನ್ನು ಹೊರಗೆ ಕಟ್ಟುತ್ತಾರಾ?" ಅಷ್ಟೇ ಕೇಳಿದ್ದು. ನಾನು ಕತ್ತಲಾಗುತ್ತದೆಂದು ಕೆಳಗೆ ಇಳಿದು ಬಂದೆ.

ಅಮ್ಮಾಜಿ ಸುಮ್ನೆ ಕೂರಲಿಲ್ಲ. ಸೊಸೆಯನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಏಣಿ ಹತ್ತಿದ್ದಾರೆ. ಸೇಬಿನ ಕಾಲದಲ್ಲಿ ಹಾಸುವ ಟಾರ್ಪಾಲು ಮೊದಲು ಹಾಸಿದ್ದಾರೆ. ಅದರ ಮೇಲೆ ಹಸುಗಳಿಗೆಂದು ಕೂಡಿಟ್ಟ ಒಣಹುಲ್ಲು, ಒಂದು ಮೊಳ ದಪ್ಪ. ಮತ್ತೆ ಅದರ ಮೇಲೆ ಮನೆಯ ಹಳೆಯ ರಜಾಯಿಗಳು. ಹಿಂಭಾಗ ಅಷ್ಟು ಹೊತ್ತಿಗೆ ಸ್ವಲ್ಪ ಬಿಗಿದುಕೊಂಡಿತ್ತು, ಹಾಸಲು ಆಯಿತು. ಮುಂಭಾಗ ಇನ್ನೂ ಹಸಿ. ಅದೂ ಅಲ್ಲದೆ ಮನೆಯಲ್ಲಿದ್ದ ಹೊದಿಕೆ ಅಲ್ಲಿಗೆ ಮುಗಿದಿತ್ತು.

ಬೆಳಿಗ್ಗೆ ನಾನು ಹೋದಾಗ ಮುಂಭಾಗ ಕಲ್ಲಿನ ಹಾಗೆ ಗಟ್ಟಿ. ಹಿಂಭಾಗಕ್ಕಿಂತಲೂ ಗಟ್ಟಿ! ಬೂಟು ಕಾಲಿನಲ್ಲಿ ನಡೆದೆ. ಖುಷಿಯಾಯಿತು. ಮೇಲ್ಮೈಯಲ್ಲಿ ಜರಿಗಿಡದ ಎಲೆಯಂಥ ಚಂದದ ಗೆರೆಗಳು. ನೀವು ಮಲೆನಾಡಿನವರು, ಬಂಡೆ ಸಂದಿಯ ಜರಿಗಿಡ ನೋಡಿದ್ದೀರಿ. ಥೇಟ್ ಹಾಗೇ. ಹನ್ನೊಂದು ಗಂಟೆಗೆ ಬಿಸಿಲು ಬಂತು. ನಾನು ನಡೆದಿದ್ದ ಜಾಗ ಮೆತ್ತಗಾಯಿತು. ಹೆಬ್ಬೆರಳು ಇಳಿಯಿತು. ಅದು ಗಟ್ಟಿಯಾಗಿದ್ದಲ್ಲ, ಹೆಪ್ಪುಗಟ್ಟಿತ್ತು. ಆ ಗೆರೆಗಳು ಮಂಜುಗಡ್ಡೆಯ ಹರಳು ಬಿಟ್ಟುಹೋದ ಗುರುತು. ಹಿಂಭಾಗದ ರಜಾಯಿ ಎತ್ತಿ ಕೈ ಇಟ್ಟರೆ ಬೆಚ್ಚಗಿತ್ತು. ಸಿಮೆಂಟು ಕೂಡುವಾಗ ತಾನೇ ಬಿಸಿ ಹೊರಡಿಸುತ್ತದೆ. ರಜಾಯಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ. ವಸಂತದಲ್ಲಿ ಮುಂಭಾಗವನ್ನು ತೊಲೆಯವರೆಗೆ ಒಡೆಸಿ ಮತ್ತೆ ಹಾಕಿಸಿದೆ. ತಪ್ಪು ನನ್ನದು, ಖರ್ಚೂ ನನ್ನದಾಗಬೇಕು ಅಂತ ಹಣ ನಾನೇ ಕೊಟ್ಟೆ. ನಿಮ್ಮ ಕೈಯಲ್ಲಿ ತಿರುಗುತ್ತಿರುವುದು ಆ ಮುಂಭಾಗದ ತುಂಡು.

ನಮ್ಮ ಕಡೆ ಇದಕ್ಕೆ ಒಂದು ಒಳ್ಳೆಯ ಮಾತಿದೆ, ಬಾಣಂತನ. ಬೆಚ್ಚಗೆ ಇಡುವುದು, ಗಾಳಿ ಸೋಕದ ಹಾಗೆ ನೋಡಿಕೊಳ್ಳುವುದು, ಅವಸರ ಮಾಡದಿರುವುದು. ಚಳಿ ನಾಡಿನಲ್ಲಿ ಕಾಂಕ್ರೀಟಿಗೆ ಬೇಕಾಗಿರುವುದು ಬಾಣಂತನ. ಅದೂ ಎಷ್ಟು ದಿನ? ಒಮ್ಮೆ ಹೆಪ್ಪುಗಟ್ಟಿದರೂ ಕೆಡದಿರಲು ಚದರ ಮಿಲಿಮೀಟರಿಗೆ 3.5 ನ್ಯೂಟನ್ ಶಕ್ತಿ ಬಂದಿರಬೇಕು. ಎಂ20 ದರ್ಜೆಯ ಕಾಂಕ್ರೀಟ್ ಅಂದರೆ ಬಲಿತಾಗ 20 ಅಲ್ವಾ, ಅದರಲ್ಲಿ ಐದನೇ ಒಂದು ಪಾಲೂ ಆಗಲಿಲ್ಲ. 10 ಡಿಗ್ರಿಯಲ್ಲಿ ಕಾಪಾಡಿದರೆ ಸುಮಾರು ಎರಡು ದಿನದಲ್ಲಿ ಬರುತ್ತದೆ. ಎರಡು ರಾತ್ರಿ ಕಾಯ್ದರೆ ಸಾಯುವುದು ತಪ್ಪುತ್ತದೆ. ಸೆಂಟ್ರಿಂಗ್ ಬಿಚ್ಚುವುದಕ್ಕೆ ಮಾತ್ರ ಈ ಲೆಕ್ಕ ಹಿಡಿಯಬೇಡಿ. ಇಲ್ಲಿ ಎಷ್ಟು ದಿನ ಬಿಡುತ್ತೀರೋ ಅಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಬಿಡಬೇಕು.

ಇದು ಬರೀ ಒಂದು ಮನೆಯ ಮಾತಲ್ಲ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ ಒಂದು ಕೂಲಿಂಗ್ ಟವರ್, ಅಂದರೆ ನೀರು ತಣಿಸುವ ಎತ್ತರದ ಗೋಪುರ, ಕಟ್ಟುತ್ತಿದ್ದರು. ಹಿಂದಿನ ದಿನ ಹಾಕಿದ ಕಾಂಕ್ರೀಟಿಗೆ ಮೇಲಿನ ಅಟ್ಟಣೆಯ ಭಾರ ಕೊಟ್ಟರು. ಚಳಿಗೆ ಅದು ಇನ್ನೂ ಬಲಿತಿರಲಿಲ್ಲ. ಕಳಚಿ ಬಿತ್ತು. 51 ಜನ ಸತ್ತರು. ಹೊರಗಿನಿಂದ ನೋಡಿದರೆ ಅದೂ ಗಟ್ಟಿಯಾಗಿಯೇ ಕಂಡಿರಬೇಕು.

ಹಾಗಾದರೆ ಚಳಿಯಲ್ಲಿ ಹಾಕುವುದೇ ಬೇಡವಾ? ಹಾಕಬಹುದು. ನಮ್ಮ ಭಾರತೀಯ ಮಾನಕ ಐಎಸ್ 7861ರ ಎರಡನೇ ಭಾಗ 1981ರಲ್ಲೇ ಬಂದಿದೆ, 5 ಡಿಗ್ರಿಗಿಂತ ಕೆಳಗಿನ ಕೆಲಸಕ್ಕೆಂದೇ. ನೀರು ಕಾಯಿಸಿ. ಮರಳು, ಜಲ್ಲಿಗಿಂತ ನೀರು ನಾಲ್ಕೈದು ಪಟ್ಟು ಬಿಸಿ ಹೊರುತ್ತದೆ, ಕಾಯಿಸುವುದೂ ಸುಲಭ. ಆದರೆ ಕುದಿಯುವ ನೀರನ್ನು ಸಿಮೆಂಟಿನ ಮೇಲೆ ಸುರಿಯಬೇಡಿ, ಅಲ್ಲೇ ಗಂಟು ಕಟ್ಟುತ್ತದೆ. ಮೊದಲು ಜಲ್ಲಿ, ಮರಳಿಗೆ ನೀರು ಹಾಕಿ ತಿರುಗಿಸಿ, ಕೊನೆಗೆ ಸಿಮೆಂಟು. ಜಲ್ಲಿಗೆ ಹಿಮ ಅಂಟಿದ್ದರೆ ಅದನ್ನು ಮುಟ್ಟಲೇಬೇಡಿ. ನೀರು ಕಡಿಮೆ ಹಾಕಿ. ಬೆಳಿಗ್ಗೆ ಬೇಗ ಶುರು ಮಾಡಿ, ಮಧ್ಯಾಹ್ನಕ್ಕೆ ಮುಗಿಸಿ, ಹೊದಿಸಿ. ಹೆಪ್ಪುಗಟ್ಟುವ ರಾತ್ರಿ ಇರುವಾಗ ನೀರು ಹೊಡೆಯುವ ನಮ್ಮ ಅಭ್ಯಾಸವನ್ನು ಬಿಡಿ. ಬೇಗ ಬಿಗಿಯಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕುವವರಿದ್ದಾರೆ. ಕಂಬಿ ಇರುವ ಕಾಂಕ್ರೀಟಿಗೆ ಅದು ವಿಷ, ಕಂಬಿ ತುಕ್ಕು ಹಿಡಿಯುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮೋಲ್ಡ್ ಕೆಳಗೆ ಟಾರ್ಪಾಲು ಕಟ್ಟಿ ಇದ್ದಿಲ ಅಗ್ಗಿಷ್ಟಿಕೆ ಇಡುತ್ತಾರೆ. ಬೆಚ್ಚಗಿದೆ ಅಂತ ಕೆಲಸದವರು ಅಲ್ಲೇ ಮಲಗುತ್ತಾರೆ. ಅಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಹೊಗೆ ಹೊರಗೆ ಹೋಗುವ ಕೊಳವೆ ಇರುವ ತಗಡಿನ ಒಲೆ ಅಲ್ಲಿ ಪ್ರತಿ ಮನೆಯಲ್ಲೂ ಇದೆ, ಅದನ್ನು ತಂದೂರ್ ಅನ್ನುತ್ತಾರೆ. ಅದನ್ನೇ ಇಡಿ. ಕೊಳವೆಯಿಲ್ಲದೆ ಒಳಗೇ ಬಿಟ್ಟ ಹೊಗೆ ಹಸಿ ಕಾಂಕ್ರೀಟಿನ ಮೇಲ್ಮೈಯನ್ನೂ ಪುಡಿಪುಡಿ ಮಾಡುತ್ತದೆ. ಆದರೆ ಕಾಂಕ್ರೀಟ್ ಹೋದರೆ ಮತ್ತೆ ಹಾಕಬಹುದು.

ಬಲಿತ ಮೇಲೂ ಚಳಿಯ ಕಾಟ ಇದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮನಾಲಿಯಂಥ ಊರಿನಲ್ಲಿ ಇದು ಇನ್ನೂ ಜಾಸ್ತಿ. ಸದಾ ಹೆಪ್ಪುಗಟ್ಟಿದ್ದರೆ ಅಷ್ಟು ಹಾನಿಯಿಲ್ಲ, ಮತ್ತೆ ಮತ್ತೆ ಆಗುವುದೇ ಕೆಡಿಸುತ್ತದೆ. ಅದಕ್ಕೆ ಮದ್ದು ಗಾಳಿ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ಕಾಂಕ್ರೀಟ್ ರಸ್ತೆಗಳು ಮಾತ್ರ ಚಳಿಗೆ ಕಿತ್ತುಹೋಗದೆ ಉಳಿದವು. ಹುಡುಕಿದರೆ, ಆ ಸಿಮೆಂಟನ್ನು ಅರೆಯುವಾಗ ಪ್ರಾಣಿಗಳ ಕೊಬ್ಬು ಸೇರಿಸಿದ್ದರು. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಒಳಗೆ ಉಳಿದಿದ್ದವು. ಹಿಗ್ಗುವ ನೀರಿಗೆ ಅಲ್ಲಿ ಜಾಗ ಸಿಕ್ಕಿತು. ಈಗ ಅದಕ್ಕೆಂದೇ ದ್ರಾವಣ ಸಿಗುತ್ತದೆ. ಐಎಸ್ 456ರ ಪ್ರಕಾರ 20 ಮಿಲಿಮೀಟರ್ ಜಲ್ಲಿಗೆ ಶೇಕಡ 5ರ ಆಸುಪಾಸು ಗಾಳಿ. ಒದ್ದೆಯಾಗಿ ತೀವ್ರವಾಗಿ ಹೆಪ್ಪುಗಟ್ಟುವ ಕಡೆ ಎಂ35ಕ್ಕಿಂತ ಕಡಿಮೆ ಬೇಡ. ಅಲ್ಲಿನ ಮನೆಗಳಲ್ಲಿ ನಾನು ಜಾಸ್ತಿ ಕಂಡದ್ದು ಎಂ20.

ಚೀಟಿ ಬಂತು. ಇನ್ನು ಹತ್ತು ನಿಮಿಷ ಇದೆ ಅಂದುಕೊಂಡಿದ್ದೆ, ಐದು ಅಂತಿದೆ. ಸರಿ, ಬೇಗ ಹೇಳುತ್ತೇನೆ.

ಮನೆಯ ಮಾಡು. ನಮ್ಮ ಹಾಗೆ ಸಪಾಟು ಮೋಲ್ಡ್ ಹಾಕಿ, ಸುತ್ತ ಕೈಪಿಡಿ ಗೋಡೆ ಕಟ್ಟಿ, ಮುಂದಿನ ಮಹಡಿಗೆಂದು ಕಂಬಿ ಬಿಡುತ್ತಾರೆ. ಹಿಮ ಅಲ್ಲೇ ನಿಲ್ಲುತ್ತದೆ. ನೆಲೆ ನಿಂತ ಹಿಮ ಒಂದು ಮೀಟರ್ ಇದ್ದರೆ ಚದರ ಮೀಟರಿಗೆ 300 ಕಿಲೋವರೆಗೂ ಹೋಗಬಹುದು. ಓಡಾಡುವ ತಾರಸಿಗೆ ನಾವು ಹಿಡಿಯುವ ಭಾರ 150 ಕಿಲೋ. ಲೆಕ್ಕ ನೀವೇ ಹಾಕಿ. ಹಿಮದ ಭಾರಕ್ಕೆಂದೇ ಇರುವ ಐಎಸ್ 875ರ ನಾಲ್ಕನೇ ಭಾಗವನ್ನು ತೆಗೆದು ಓದಿ.

ಅಡಿಪಾಯ. ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಯಬೇಕು. ಇಲ್ಲದಿದ್ದರೆ ಮಣ್ಣಿನ ನೀರು ಪದರ ಪದರವಾಗಿ ಮಂಜುಗಡ್ಡೆಯಾಗಿ ಮನೆಯನ್ನೇ ಎತ್ತುತ್ತದೆ.

ತಡೆಗೋಡೆ. ಅಲ್ಲಿ ಅದಕ್ಕೆ ಡಂಗಾ ಅಂತಾರೆ. 2018ರ ಆಗಸ್ಟ್‌ನ ಭೂಕುಸಿತಗಳನ್ನು ನೋಡಿದ ನಿಮಗೆ, ಬರೆ ಕುಸಿತ ಅಂದರೆ ಏನೆಂದು ನಾನು ಹೇಳಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಕುಲ್ಲು ಜಿಲ್ಲೆಯ ಆನಿಯಲ್ಲಿ ಬಹುಮಹಡಿ ಕಟ್ಟಡಗಳು ಒಂದರ ಹಿಂದೆ ಒಂದು ಉರುಳಿದವು. ಗೋಡೆಯ ಹಿಂದೆ ಜಲ್ಲಿ ತುಂಬಿ ನೀರಿಗೆ ದಾರಿ ಬಿಡಿ. ನೀರು ನಿಂತರೆ ಮಳೆಗಾಲದಲ್ಲಿ ತಳ್ಳುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇನ್ನೊಮ್ಮೆ ತಳ್ಳುತ್ತದೆ.

ಅಲ್ಲಿನ ಹಳೆಯ ಮನೆ ಕಟ್ಟುವ ಪದ್ಧತಿ ಕಾಠ್‌ಕುಣಿ ಬಗ್ಗೆ ಅರ್ಧ ಗಂಟೆ ಹೇಳಬೇಕೆಂದು ಬಂದಿದ್ದೆ. ದೇವದಾರು ತೊಲೆ, ನಡುವೆ ಗಾರೆಯಿಲ್ಲದ ಕಲ್ಲು. ನಗ್ಗರ್ ಕೋಟೆಯನ್ನು ಹಾಗೇ ಕಟ್ಟಿದ್ದಾರೆ. 1905ರ ಕಾಂಗ್ರಾ ಭೂಕಂಪವನ್ನು ಅದು ತಾಳಿಕೊಂಡಿತು. ಹೋದರೆ ಅದರ ಮೂಲೆಗಳನ್ನು ಮುಟ್ಟಿ ನೋಡಿ ಬನ್ನಿ. ಕಾಂಕ್ರೀಟ್ ಬೇಡ ಅನ್ನುವವನು ನಾನಲ್ಲ. ಅಲ್ಲಿ ದೇವದಾರು ಈಗ ಸುಲಭವಾಗಿ ಸಿಗುವುದಿಲ್ಲ, ಜನರಿಗೆ ಮನೆ ಬೇಕು. ಹಾಕುವುದಾದರೆ ಬಾಣಂತನ ಮಾಡಿ ಅನ್ನುತ್ತೇನೆ.

ಆ ಹುಡುಗರಿಗೆ ಏಪ್ರಿಲ್‌ವರೆಗೆ ಕಾಯಿರಿ ಎಂದಿದ್ದೇನೆ. ಮಾಲೀಕರು ಒಪ್ಪಿಲ್ಲವಂತೆ. ನಾನೇ ನಾಳಿದ್ದು ಹೊರಡುತ್ತಿದ್ದೇನೆ, ಕೂತು ಮಾತಾಡುತ್ತೇನೆ. ಆ ತುಂಡನ್ನು ಅವರಿಗೆ ತೋರಿಸಬೇಕು. ಹಿಂದಿನ ಸಾಲಿನವರೆಗೆ ಬಂತಾ? ಎಲ್ಲರೂ ಕೆರೆದು ನೋಡಿದಿರಾ? ಸ್ವಲ್ಪ ಮುಂದಕ್ಕೆ ಕಳಿಸಿ, ಪುಡಿ ಉದುರುತ್ತದೆ, ಕೆಳಗೆ ಕೈ ಹಿಡಿದುಕೊಳ್ಳಿ.